ಬೆನ್ನಿನ ಸ್ಕ್ರೂ ಮತ್ತು ನಮ್ಮ ವಿಶ್ವಾಸ – ಭಾನುವಾರದ ಸಂದೇಶ (ಲೂಕ 13:10-17)

ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ, ಶೀಟಿನ ಮೇಲೆ ಮಳೆ ಹೊಡೀತಾ ಇದೆ, ನನ್ನ ಮಾತು ಕೇಳಿಸಲ್ಲ. ರೋಮಾಪುರದವರ ಪತ್ರಿಕೆಯನ್ನು ಈ ವಾರ ನಿಲ್ಲಿಸಿದ್ದೇನೆ, ಮುಂದಿನ ಭಾನುವಾರ ಮತ್ತೆ ತೆಗೆದುಕೊಳ್ಳೋಣ. ಇವತ್ತು ಲೂಕನು ಬರೆದ ಸುವಾರ್ತೆ 13ನೇ ಅಧ್ಯಾಯ, 10ರಿಂದ 17ರವರೆಗೆ. ಸಿಕ್ಕಿದವರು ಆಮೆನ್ ಹೇಳಿ.

ಒಂದು ಸಬ್ಬತ್ ದಿನ. ಯೇಸು ಸಭಾಮಂದಿರದಲ್ಲಿ ಬೋಧನೆ ಮಾಡ್ತಾ ಇದ್ದಾನೆ. ಅಲ್ಲಿ ಒಬ್ಬ ಹೆಂಗಸು. 18 ವರ್ಷದಿಂದ ಅವಳ ಬೆನ್ನು ಬಗ್ಗಿಹೋಗಿದೆ, ಏನು ಮಾಡಿದರೂ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಗದ್ದೆಯಲ್ಲಿ ಒಂದು ದಿನ ನಾಟಿಗೆ ಬಗ್ಗಿದರೆ ಸಂಜೆ ಸೊಂಟ ಹಿಡ್ಕೊಂಡು ಏಳ್ತೀರಲ್ಲ ಅಕ್ಕಂದಿರೇ, ಇವಳು 18 ವರ್ಷ ಹಾಗೇ ಇದ್ದಳು. ಎದುರಿಗೆ ಬಂದವರ ಮುಖ ಇವಳಿಗೆ ಕಾಣದು, ಕಾಲು ಮಾತ್ರ ಕಾಣುತ್ತಿತ್ತು. ಆದರೂ ಅವಳು ಮನೆಯಲ್ಲಿ ಕೂರಲಿಲ್ಲ, ದೇವರ ಆಲಯಕ್ಕೆ ಬಂದಿದ್ದಳು. ಯೇಸು ಅವಳನ್ನು ನೋಡಿದ, ತಾನೇ ಕರೆದ, ಬಿಡುಗಡೆಯ ಮಾತು ಹೇಳಿ ಕೈ ಇಟ್ಟ. ಆ ಕ್ಷಣವೇ ಬೆನ್ನು ನೆಟ್ಟಗಾಯಿತು. ದೇವರಿಗೆ ಸ್ತೋತ್ರ!

ಇಲ್ಲಿ ಒಂದು ವಿಷಯ ಗಮನಿಸಿ. ಅವಳಿಗೆ ಎಷ್ಟು ವಿಶ್ವಾಸ ಇದೆ ಎಂದು ಯೇಸು ಕೇಳಿದ್ದಾಗಿ ಈ ಭಾಗದಲ್ಲಿ ಎಲ್ಲೂ ಬರೆದಿಲ್ಲ. ಬೇರೆ ಕಡೆ ಕೇಳಿದ್ದಾನೆ, ಇಲ್ಲಿ ಇಲ್ಲ. ಇಷ್ಟು ವರ್ಷ ಯಾಕೆ ಗುಣವಾಗಲಿಲ್ಲ, ನಿನ್ನಲ್ಲಿ ಏನು ಪಾಪ ಎಂದೂ ವಿಚಾರಿಸಲಿಲ್ಲ. ವಿಚಾರಣೆ ಮಾಡಿದವನು ಇನ್ನೊಬ್ಬ, ಸಭಾಮಂದಿರದ ಅಧ್ಯಕ್ಷ. ಅವನಿಗೆ ಸಿಟ್ಟು ಬಂತು. ವಾಸಿಯಾಗುವುದಕ್ಕೆ ವಾರದಲ್ಲಿ ಆರು ದಿನ ಇದೆ, ಆಗ ಬನ್ನಿ, ಸಬ್ಬತ್ತಿನಲ್ಲಿ ಬೇಡ ಎಂದು ಜನರಿಗೆ ಹೇಳಿದ. ಅವನು ದೇವರನ್ನು ನಂಬದವನಲ್ಲ ಪ್ರಿಯರೇ, ದೇವರ ಆಲಯ ನೋಡಿಕೊಳ್ಳುವವನು. ಆದರೆ ಸ್ವಸ್ಥತೆ ಯಾವ ದಾರಿಯಲ್ಲಿ ಬರಬೇಕು ಎಂದು ದೇವರಿಗಿಂತ ಮೊದಲು ತಾನೇ ತೀರ್ಮಾನ ಮಾಡಿಬಿಟ್ಟಿದ್ದ. ಯೇಸು ಅವನಿಗೆ ಕೊಟ್ಟ ಉತ್ತರ ಕೊಟ್ಟಿಗೆಯದು. ಸಬ್ಬತ್ ದಿನ ನೀವು ಎತ್ತನ್ನೂ ಕತ್ತೆಯನ್ನೂ ಗೂಟದಿಂದ ಬಿಚ್ಚಿ ನೀರಿಗೆ ಹೊಡಕೊಂಡು ಹೋಗೋದಿಲ್ವಾ, ಅಬ್ರಹಾಮನ ಮಗಳನ್ನು ಬಿಚ್ಚಬಾರದಾ ಅಂತ.

ಈ ಅಧ್ಯಕ್ಷನನ್ನು ನೆನಪಿಟ್ಟುಕೊಳ್ಳಿ. ಅವನು ನಮ್ಮ ಸಭೆಯಲ್ಲೂ ಇದ್ದಾನೆ.

ಶುಕ್ರವಾರ ನಮ್ಮ ಒಬ್ಬ ಸಹೋದರ ಅಡಿಕೆ ಮರದಿಂದ ಬಿದ್ದ ಸಂಗತಿ ನಿಮಗೆಲ್ಲ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹತ್ತಿದ್ದರು, ಮಳೆಗೆ ಮರ ಜಾರುತ್ತಿತ್ತು. ಅವರ ಮತ್ತು ಅವರ ತಾಯಿಯವರ ಅನುಮತಿ ಕೇಳಿಯೇ ನಾನು ಇದನ್ನು ಮಾತಾಡ್ತಾ ಇದ್ದೇನೆ. ಅಮ್ಮ ಇಲ್ಲೇ ಕುಳಿತಿದ್ದಾರೆ. ಬೆನ್ನುಮೂಳೆ ಮುರಿದಿದೆ. ಬಲಗಾಲಿನ ಬೆರಳು ಆಡಿಸ್ತಾರೆ, ಎಡಗಾಲಲ್ಲಿ ಶಕ್ತಿ ತುಂಬಾ ಕಡಿಮೆ. ಸ್ಕ್ರೂ ಮತ್ತು ರಾಡ್ ಹಾಕಿ ನಿಲ್ಲಿಸಬೇಕು, ತಡ ಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಸಮಯ ಕೊಟ್ಟಿದ್ದಾರೆ. ಸಹಿ ಹಾಕಲು ಅಣ್ಣ ಸಿದ್ಧ, ಆದರೆ ಅಮ್ಮ ಹೂಂ ಅನ್ನದೆ ಹಾಕಲ್ಲ ಅಂದಿದ್ದಾರೆ. ಅಮ್ಮನಿಗೆ ಯಾರೋ ಹೇಳಿದ್ದಾರೆ: 21 ದಿನ ಉಪವಾಸ ಪ್ರಾರ್ಥನೆ ಮಾಡಿ, ದೇವರು ಮುಟ್ಟುತ್ತಾನೆ, ಕಬ್ಬಿಣ ಹಾಕಿಸಿದರೆ ಅದು ಅವಿಶ್ವಾಸ. ಫೋನಿನಲ್ಲಿ ಒಂದು ವಾಯ್ಸ್ ಮೆಸೇಜೂ ಬಂದಿದೆಯಂತೆ, ದರ್ಶನ ಕಂಡೆ ಎಂದು. ಆ ಕಾಲನ್ನು ನೋಡದ, ಎಕ್ಸ್‌ರೇ ನೋಡದ, ಆ ಮಂಚದ ಪಕ್ಕ ಒಂದು ರಾತ್ರಿ ಕೂರದ ಮನುಷ್ಯ ಹೇಳಿದ ಮಾತು ಅದು.

ಅಮ್ಮಾ, ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ನೀವು ಕೇಳಿದ ಪ್ರಶ್ನೆ ಸರಿಯಾದದ್ದೇ. ದೇವರು ವಾಸಿಮಾಡುವವನಾದರೆ ಸ್ಕ್ರೂ ಯಾಕೆ ಅಂತ ಕೇಳಿದಿರಿ. ಅದಕ್ಕೆ ಆಸ್ಪತ್ರೆ ವರಾಂಡದಲ್ಲಿ ನಿಂತು ಉತ್ತರ ಹೇಳುವುದಕ್ಕಿಂತ ವಾಕ್ಯ ತೆರೆದಿಟ್ಟುಕೊಂಡು ಹೇಳಬೇಕು ಅನ್ನಿಸಿತು. ನಾನು ಅದ್ಭುತ ನಂಬದ ಪಾಸ್ಟರ್ ಅಲ್ಲ. ಇದೇ ಜಾಗದಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇವೆ, ಮುಂದೆಯೂ ಪ್ರಾರ್ಥಿಸುತ್ತೇವೆ.

ಮೊದಲು ಈ ಸ್ಕ್ರೂ ಅಂದರೆ ಏನು ಎಂದು ತಿಳಿದುಕೊಳ್ಳೋಣ. ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ. ಡಾಕ್ಟರ್ ನನಗೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ಮುಂದಿಟ್ಟು ವಿವರಿಸಿದರು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಒಂದರ ಮೇಲೊಂದು 24 ಬಿಡಿ ಮೂಳೆಗಳು. ಕೆಳಗೆ ಕೂಡಿಕೊಂಡೇ ಇರುವವು ಬೇರೆ. ಪ್ರತಿಯೊಂದು ಮೂಳೆಗೂ ಮುಂದೆ ಒಂದು ದಪ್ಪ ಗಟ್ಟಿ, ಹಿಂದೆ ಒಂದು ಕಮಾನು, ನಡುವೆ ತೂತು. ಆ ತೂತುಗಳೆಲ್ಲ ಸೇರಿ ಒಂದು ಕೊಳವೆ. ಅದರೊಳಗೆ ಮೆದುಳಿನಿಂದ ಇಳಿದು ಬರುವ ನರದ ಹುರಿ, ಕಿರುಬೆರಳಿನಷ್ಟು ದಪ್ಪ. ಕಾಲು ಆಡಿಸುವ ಆಜ್ಞೆ, ಮೂತ್ರ ತಡೆಯುವ ಶಕ್ತಿ, ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದು ಎಲ್ಲ ಆ ದಾರಿಯಲ್ಲೇ ಹೋಗಿ ಬರಬೇಕು.

ಎತ್ತರದಿಂದ ಬಿದ್ದರೆ ಹೆಚ್ಚಾಗಿ ಮುರಿಯುವ ಜಾಗ ಎದೆಯ ಭಾಗ ಮುಗಿದು ಸೊಂಟ ಶುರುವಾಗುವ ಸಂಧಿ. ಪಕ್ಕೆಲುಬಿನ ಗೂಡು ಇರುವುದರಿಂದ ಮೇಲಿನದು ಬಿಗಿ, ಕೆಳಗಿನದು ಬಾಗುತ್ತದೆ. ಎರಡರ ನಡುವಿನ ಮೂಳೆಗೆ ಏಟು. ಅಣ್ಣನದು ಅಲ್ಲೇ. ಒಡೆದ ಮೂಳೆಯ ಚೂರು ಹಿಂದಕ್ಕೆ ಸರಿದು ನರದ ಮೇಲೆ ಒತ್ತುತ್ತಿದೆ. ಈಗ ಅವರು ಮಗ್ಗುಲು ಬದಲಿಸಿದಾಗ ಆ ಚೂರು ಇನ್ನಷ್ಟು ಸರಿಯಬಹುದು. ಅದಕ್ಕೇ ಡಾಕ್ಟರಿಗೆ ಅವಸರ. 21 ದಿನ ಕಾಯೋಣ ಎಂದು ನಾವು ಹೇಳುವಾಗ, ಆ ಮೂಳೆಯ ಚೂರಿಗೆ 21 ದಿನ ಕೊಟ್ಟ ಹಾಗಾಗುತ್ತದೆ.

ಸ್ಕ್ರೂ ಹೋಗುವುದು ಎಲ್ಲಿ? ಮೂಳೆಯ ಮುಂದಿನ ಗಟ್ಟಿಗೂ ಹಿಂದಿನ ಕಮಾನಿಗೂ ನಡುವೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಸೇತುವೆ ಇದೆ. ಆ ಎರಡು ಸೇತುವೆಗಳ ಮಧ್ಯೆಯೇ ನರ ಹೋಗುವುದು. ಸೇತುವೆಯೊಳಗಿಂದ ಸ್ಕ್ರೂ ಹೋಗಿ ಮುಂದಿನ ಗಟ್ಟಿಯಲ್ಲಿ ಕೂರಬೇಕು. ಒಳಮಗ್ಗುಲಿಗೆ ಸ್ವಲ್ಪ ತಪ್ಪಿದರೂ ನರಕ್ಕೆ ತಾಗುತ್ತದೆ. ಒಳಗೇ ಎಕ್ಸ್‌ರೇ ನೋಡ್ತಾ ನೋಡ್ತಾ ಹಾಕ್ತಾರೆ. ಫ್ರಾನ್ಸಿನಲ್ಲಿ ರೇಮಂ ರುವಾ-ಕಮೀ ಎಂಬ ಡಾಕ್ಟರ್ 1960ರ ದಶಕದಲ್ಲಿ ಈ ದಾರಿಯಿಂದ ಸ್ಕ್ರೂ ಹಾಕಿ ಪಟ್ಟಿ ಬಿಗಿಯುವ ವಿಧಾನ ಬೆಳೆಸಿದವರು. ಮುರಿದ ಮೂಳೆಯ ಮೇಲಿನದಕ್ಕೂ ಕೆಳಗಿನದಕ್ಕೂ ಸ್ಕ್ರೂ ಹಾಕಿ, ಎರಡೂ ಕಡೆ ಪೆನ್ಸಿಲಿಗಿಂತ ತೆಳುವಾದ ರಾಡ್ ಸೇರಿಸಿ ಬಿಗಿ ಮಾಡ್ತಾರೆ. ನೋಡಿ, ಬಾಳೆ ಗಿಡ ಗಾಳಿಗೆ ವಾಲಿದಾಗ ಕವೆ ಕೊಡ್ತೀರಲ್ಲ, ಅದೇ ಕೆಲಸ.

ಅಮ್ಮ ಕಬ್ಬಿಣ ಅಂದರು. ಅದು ಕಬ್ಬಿಣ ಅಲ್ಲಮ್ಮ. ಹೆಚ್ಚಾಗಿ ಟೈಟಾನಿಯಂ. ಆ ಲೋಹದ ಅದಿರು ನಮ್ಮ ಪಕ್ಕದ ಕೇರಳದ ಕೊಲ್ಲಂ ಹತ್ತಿರ ಚವರದ ಸಮುದ್ರದ ಮರಳಲ್ಲೇ ಇದೆ, ಕಪ್ಪು ಮರಳು. ನಮ್ಮ ಶರೀರ ಸಾಮಾನ್ಯವಾಗಿ ಹೊರಗಿನ ವಸ್ತುವನ್ನು ಸಹಿಸುವುದಿಲ್ಲ, ಕಾಲಿಗೆ ಸಿಬಿರು ಹೊಕ್ಕರೆ ಕೀವು ಕಟ್ಟಿ ಹೊರಗೆ ಹಾಕುತ್ತದೆ. 1952ರಲ್ಲಿ ಸ್ವೀಡನ್ ದೇಶದಲ್ಲಿ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂನ ಒಂದು ಪುಟ್ಟ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ! ಮೂಳೆ ಅದನ್ನು ಅಪ್ಪಿಕೊಂಡುಬಿಟ್ಟಿತ್ತು. ಅವರು ಅದನ್ನು ಹುಡುಕಿಕೊಂಡು ಹೋದವರಲ್ಲ. ಸಮುದ್ರದ ಮರಳಿನಲ್ಲಿ ಅಂಥ ಲೋಹ ಇಟ್ಟವನು ಯಾರು? ಮೂಳೆಗೆ ಅದನ್ನು ಅಪ್ಪಿಕೊಳ್ಳುವ ಗುಣ ಕೊಟ್ಟವನು ಯಾರು? ಹಲ್ಲೆಲೂಯಾ ಹೇಳುವ ಜಾಗ ಇದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅಮೆರಿಕದ ಹ್ಯೂಸ್ಟನ್ ಪಟ್ಟಣದಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ಡಾಕ್ಟರ್ ಇದ್ದರು. 1940ರ ದಶಕದ ಕೊನೆ, 50ರ ದಶಕ. ಪೋಲಿಯೊ ಬಂದ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆಗೆ ಬರ್ತಾ ಇದ್ದರು. ಒಂದು ಮಗ್ಗುಲಿನ ಸ್ನಾಯು ಸತ್ತು ಬೆನ್ನು ಹಾವಿನ ಹಾಗೆ ವಕ್ರವಾಗುವುದು, ಒಳಗೆ ಶ್ವಾಸಕೋಶ ಒತ್ತಿಹೋಗುವುದು. ಆ ಕಾಲದ ಚಿಕಿತ್ಸೆ ಮೈತುಂಬ ಪ್ಲಾಸ್ಟರ್ ಕಟ್ಟುವುದು. ಮೊದಲೇ ಉಸಿರಾಡಲಾಗದ ಮಗುವಿಗೆ ಪ್ಲಾಸ್ಟರ್ ಹೇಗೆ ಕಟ್ಟುವುದು? ಹ್ಯಾರಿಂಗ್ಟನ್ ಒಂದು ಸ್ಟೀಲ್ ರಾಡ್ ಮಾಡಿ, ಎರಡು ತುದಿಗೂ ಕೊಕ್ಕೆ ಇಟ್ಟು, ಕಾರಿನ ಜಾಕ್ ಎತ್ತಿದ ಹಾಗೆ ಬೆನ್ನನ್ನು ಒಳಗಿನಿಂದಲೇ ಎತ್ತಿ ನೆಟ್ಟಗೆ ಮಾಡಿದರು. ಎಂಥಾ ಬುದ್ಧಿ! ಮಕ್ಕಳು ನೆಟ್ಟಗಾದರು.

ಆದರೆ ಕೆಲವು ಕಾಲ ಕಳೆದ ಮೇಲೆ ಏನಾಯಿತು? ಕೊಕ್ಕೆ ಕಳಚಿತು, ರಾಡ್ ಮುರಿಯಿತು, ಬೆನ್ನು ಮತ್ತೆ ಬಾಗಿತು. ಲೋಹ ಎಷ್ಟೇ ಗಟ್ಟಿ ಇರಲಿ, ದಿನಕ್ಕೆ ಸಾವಿರಾರು ಸಲ ಬಾಗಿ ಏಳುವ ಬೆನ್ನಲ್ಲಿ ಅದೊಂದೇ ನಿಲ್ಲುವುದಿಲ್ಲ. ತಂತಿಯನ್ನು ಆ ಕಡೆ ಈ ಕಡೆ ಬಾಗಿಸಿದರೆ ತುಂಡಾಗುವುದಿಲ್ಲವೇ, ಹಾಗೆ. ಆಮೇಲೆ ರಾಡಿನ ಜೊತೆಗೆ ಮೂಳೆಗೆ ಮೂಳೆ ಕೂಡಿಸುವ ಆಪರೇಷನ್ ಸೇರಿಸಿದರು. ಮೂಳೆ ಕೂಡಿಸುವುದನ್ನು ನ್ಯೂಯಾರ್ಕಿನ ಹಿಬ್ಸ್ ಎಂಬವರು 1911ರಲ್ಲೇ ತೋರಿಸಿದ್ದರು. ರೋಗಿಯ ಸೊಂಟದಿಂದಲೇ ಸ್ವಲ್ಪ ಮೂಳೆ ತೆಗೆದು ಅಲ್ಲಿ ಇಡುವುದು ಈಗ ಸಾಮಾನ್ಯ. (ಇಲ್ಲಿ ಆದಾಮನ ಪಕ್ಕೆಲುಬಿನ ಮಾತು ಬರುತ್ತದೆ ಎಂದು ಕಾಯ್ತಾ ಇದ್ದೀರಿ, ಎಲ್ಲ ಪಾಸ್ಟರೂ ಹೇಳ್ತಾರೆ, ನಾನು ಬಿಟ್ಟಿದ್ದೇನೆ.) 1962ರಲ್ಲಿ ಹ್ಯಾರಿಂಗ್ಟನ್ ತಮ್ಮ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಬೆನ್ನಿನ ಡಾಕ್ಟರುಗಳಿಗೆ ತಿಳಿದಿರುವ ವಿಷಯ ಏನಂದರೆ, ಪ್ರತಿ ಆಪರೇಷನ್ ಆದ ಮೇಲೆ ಒಂದು ಓಟ ಶುರುವಾಗುತ್ತದೆ. ಮೂಳೆ ಮೊದಲು ಕೂಡುತ್ತದೋ, ಲೋಹ ಮೊದಲು ಸೋಲುತ್ತದೋ. ಮೂಳೆ ಕೂಡಲು ತಿಂಗಳುಗಳೇ ಬೇಕು, ಕೆಲವೊಮ್ಮೆ ಒಂದು ವರ್ಷ.

ಅರ್ಥ ಆಯ್ತಾ ದೇವಜನರೇ? ಸ್ಕ್ರೂ ವಾಸಿಮಾಡುವುದಿಲ್ಲ. ಸ್ಕ್ರೂ ಹಿಡಿದುಕೊಳ್ಳುತ್ತದೆ, ಅಷ್ಟೇ. ಕೂಡಿಸುವುದು ಬೇರೆ ಕೈ. ಡಾಕ್ಟರನ್ನೇ ನಾನು ನೇರವಾಗಿ ಕೇಳಿದೆ, ಮೂಳೆಯನ್ನು ನೀವು ಕೂಡಿಸ್ತೀರಾ ಅಂತ. ಇಲ್ಲ, ಅದು ಕೂಡುವವರೆಗೆ ಅಲ್ಲಾಡದ ಹಾಗೆ ನೋಡಿಕೊಳ್ತೀವಿ ಅಂದರು. ಯೆಹೆಜ್ಕೇಲನು ಕಂಡ ಕಣಿವೆಯಲ್ಲಿ ಮೂಳೆ ಮೂಳೆಯನ್ನು ಹುಡುಕಿಕೊಂಡು ಬಂದು ಕೂಡಿತಲ್ಲ, ಆ ಕೆಲಸಕ್ಕೆ ಯಾವ ಕಂಪನಿಯೂ ಸಾಮಾನು ಮಾಡಿಲ್ಲ. ಸ್ಕ್ರೂ ಹಾಕಿಸಿದರೆ ದೇವರಿಗೆ ಕೆಲಸ ಇಲ್ಲ ಎಂದು ಹೇಳುವವರು ಸ್ಕ್ರೂವನ್ನು ಅದು ಇರುವುದಕ್ಕಿಂತ ತುಂಬಾ ದೊಡ್ಡದು ಮಾಡುತ್ತಿದ್ದಾರೆ.

ವಾಕ್ಯದಲ್ಲಿ ಆಧಾರ ಇದೆಯಾ? ಹಿಜ್ಕೀಯ ರಾಜನ ವಿಷಯ ಯೆಶಾಯ 38ರಲ್ಲಿ, 2 ಅರಸುಗಳು 20ರಲ್ಲಿ ಓದಿ. ಸಾಯುವ ಕಾಯಿಲೆ. ಗೋಡೆಯ ಕಡೆ ತಿರುಗಿ ಅತ್ತ. ದೇವರು ಕೇಳಿದ, 15 ವರ್ಷ ಆಯುಸ್ಸು ಕೂಡಿಸುತ್ತೇನೆ ಎಂದು ವಾಗ್ದಾನ ಕೊಟ್ಟ. ವಾಗ್ದಾನ ಸಿಕ್ಕಿದ ಮೇಲೆ ಯೆಶಾಯ ಏನು ಮಾಡಿಸಿದ? ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. ದೇವರೇ ಮಾತು ಕೊಟ್ಟಿದ್ದಾನೆ, ಅಂಜೂರ ಯಾಕೆ ಎಂದು ಪ್ರವಾದಿ ಕೇಳಲಿಲ್ಲ. ಪ್ರವಾದಿಯೇ ಮದ್ದು ಹೇಳಿದ!

ಆಸ ರಾಜನ ವಚನವನ್ನು ನಮಗೆ ತೋರಿಸುವವರಿದ್ದಾರೆ. 2 ಪೂರ್ವಕಾಲವೃತ್ತಾಂತ 16. ಕಾಲಿನ ರೋಗಕ್ಕೆ ಅವನು ವೈದ್ಯರ ಹತ್ತಿರ ಹೋದ, ದೇವರನ್ನು ಹುಡುಕಲಿಲ್ಲ, ಸತ್ತ. ಅದನ್ನೇ ಹಿಡಿದು ಡಾಕ್ಟರ್ ಬೇಡ ಅಂತಾರೆ. ಆ ಅಧ್ಯಾಯ ಮೊದಲಿನಿಂದ ಓದಿ ಸ್ವಾಮಿ. ಯುದ್ಧ ಬಂದಾಗ ಆಸ ದೇವರನ್ನು ಬಿಟ್ಟು ಅರಾಮಿನ ರಾಜನಿಗೆ ಬೆಳ್ಳಿ ಬಂಗಾರ ಕಳಿಸಿದ. ಬುದ್ಧಿ ಹೇಳಿದ ದರ್ಶಿಯನ್ನು ಸೆರೆಮನೆಗೆ ಹಾಕಿದ. ಕಾಯಿಲೆಯಲ್ಲೂ ಅದೇ ಚಾಳಿ. ಅವನ ತಪ್ಪು ವೈದ್ಯರನ್ನು ಕರೆದದ್ದಲ್ಲ, ದೇವರನ್ನು ಕರೆಯದೇ ಇದ್ದದ್ದು. ನಮ್ಮ ಅಮ್ಮ ಎರಡು ರಾತ್ರಿಯಿಂದ ಮೊಣಕಾಲ ಮೇಲೆ ಇದ್ದಾರೆ. ಇವರನ್ನು ಆಸನ ಪಕ್ಕ ನಿಲ್ಲಿಸುತ್ತೀರಾ? ಇನ್ನೊಂದು, ಈ ಬಗ್ಗಿದ ಹೆಂಗಸಿನ ಕಥೆ ಇರುವುದು ಲೂಕನ ಸುವಾರ್ತೆ ಒಂದರಲ್ಲೇ. ಲೂಕ ಯಾರು? ಕೊಲೊಸ್ಸೆಯವರಿಗೆ ಬರೆಯುವಾಗ ಪೌಲ ಅವನನ್ನು ವೈದ್ಯ ಎಂದೇ ಪ್ರೀತಿಯಿಂದ ಕರೆದಿದ್ದಾನೆ.

ಇನ್ನು ಕೆಲವರು ಆ ಹೆಂಗಸಿಗೆ ಇದ್ದದ್ದು ದುರಾತ್ಮದ ಬಂಧನ ಎಂದು ಹಿಡಿಯುತ್ತಾರೆ. ಹೌದು, ವಾಕ್ಯ ಹಾಗೆ ಹೇಳುತ್ತದೆ. ಅಣ್ಣ ಬಿದ್ದದ್ದು ಒದ್ದೆ ಮರದಿಂದ. ಮುರಿದ ಮೂಳೆಯಿಂದ ದೆವ್ವ ಬಿಡಿಸಲು ಯಾರೂ ವಾರ್ಡಿಗೆ ಹೋಗಬೇಡಿ, ದಯವಿಟ್ಟು. ನಿಮ್ಮ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿದಿರಿ, ಆಗ ಯಾರೂ ಅವಿಶ್ವಾಸ ಎನ್ನಲಿಲ್ಲ. ಹ್ಯಾರಿಂಗ್ಟನ್ ನೋಡಿದಂಥ ಮಕ್ಕಳು ಇವತ್ತು ನಮ್ಮ ಬೀದಿಯಲ್ಲಿ ಹುಟ್ಟುತ್ತಿಲ್ಲ ಅಂದರೆ ಆ ಎರಡು ಹನಿಗೂ ದೇವರಿಗೇ ಸ್ತೋತ್ರ ಸಲ್ಲಬೇಕು.

ಆದರೆ ನಾನು ಸುಳ್ಳು ಧೈರ್ಯ ಕೊಡುವುದಿಲ್ಲ. ರಾಡ್ ಮೂಳೆಯನ್ನು ಹಿಡಿಯುತ್ತದೆ, ಜಜ್ಜಿದ ನರವನ್ನು ಹೊಲಿಯುವುದಿಲ್ಲ. ಸೋಂಕು ಆಗಬಹುದು, ಸ್ಕ್ರೂ ಸಡಿಲ ಆಗಬಹುದು ಎಂದು ಡಾಕ್ಟರ್ ಬರೆದೇ ಕೊಟ್ಟಿದ್ದಾರೆ. ಎಡಗಾಲು ಎಷ್ಟು ಬರುತ್ತದೆ ಎಂದು ಅವರು ಮಾತು ಕೊಟ್ಟಿಲ್ಲ, ನಾನೂ ಕೊಡುವುದಿಲ್ಲ. ಮತ್ತೆ ಅಣ್ಣ ನಡೆಯದಿದ್ದರೆ? ಆಗ ಅವರ ವಿಶ್ವಾಸ ಕಡಿಮೆಯಾಯಿತು ಎಂದು ಹೇಳುವ ಬಾಯಿಗಳನ್ನು ಈಗಲೇ ಮುಚ್ಚಬೇಕು. ಯಾಕೋಬ ಆಶೀರ್ವಾದ ಪಡೆದ ರಾತ್ರಿಯೇ ಕುಂಟನಾದ. ಎರಡೂ ಒಂದೇ ರಾತ್ರಿ, ಒಬ್ಬನೇ ದೇವರ ಕೈಯಿಂದ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ಮಲಯಾಳಿ ಡಾಕ್ಟರ್ ಇದ್ದರು. 1954ರಲ್ಲಿ ಗಾಡಿ ಅಪಘಾತ, ಬೆನ್ನಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಅವರಿಗಾಗಿ ಪ್ರಾರ್ಥಿಸಿದವರು ಕಡಿಮೆ ಎಂದುಕೊಂಡಿರಾ? ಅವರು ಮತ್ತೆ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ಚಿಕಿತ್ಸೆ ಕಲಿತು ಬಂದು, ಬೆನ್ನು ಮುರಿದವರಿಗಾಗಿ ವೆಲ್ಲೂರಿನಲ್ಲಿ ಆ ವಿಭಾಗವನ್ನೇ ಕಟ್ಟಿದರು. 1972ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಆ ಗಾಲಿಕುರ್ಚಿಯನ್ನು ಅವಿಶ್ವಾಸದ ಗುರುತು ಎಂದು ಕರೆಯುವ ಧೈರ್ಯ ನನಗಿಲ್ಲ.

ಕೆಲವು ವ್ಯಾವಹಾರಿಕ ಮಾತು. ಇದನ್ನು ವೇದಿಕೆಯಿಂದ ಹೇಳಬಾರದು ಅನ್ನುವವರು ಇರಬಹುದು, ಇರಲಿ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಜೋಲಿಯಂತೆ ಎತ್ತಬೇಡಿ. ನೀರು ಕುಡಿಸಲು ಎಬ್ಬಿಸಿ ಕೂರಿಸಬೇಡಿ. ಹಲಗೆಯೋ ಬಾಗಿಲೋ ತಂದು, ತಲೆ ಕುತ್ತಿಗೆ ಬೆನ್ನು ಒಂದೇ ನೇರಕ್ಕೆ ಇರುವಂತೆ ನಾಲ್ಕು ಜನ ಸೇರಿ ಸರಿಸಿ, 108ಕ್ಕೆ ಫೋನ್ ಮಾಡಿ. ಸೊಂಟನೋವು ಇರುವವರೆಲ್ಲ ಇದನ್ನು ಕೇಳಿ ಹೆದರಬೇಡಿ, ಹೆಚ್ಚಿನ ನೋವು ಆಪರೇಷನ್ ಇಲ್ಲದೇ ಹೋಗುತ್ತದೆ. ಆದರೆ ಕಾಲಿನ ಶಕ್ತಿ ಕುಂದುತ್ತಾ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಅವತ್ತೇ ಆಸ್ಪತ್ರೆ. ನನಗೆ ಪ್ರಾರ್ಥನೆಗೆ ಫೋನ್ ಮಾಡುವುದು ಆಟೋ ಹತ್ತಿದ ಮೇಲೆ. ಖರ್ಚಿನ ವಿಷಯಕ್ಕೆ, ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಹಿಡಿದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಆರೋಗ್ಯಮಿತ್ರರನ್ನು ಆಸ್ಪತ್ರೆಯಲ್ಲೇ ಕೇಳಿ, ಸಾಲ ಮಾಡುವ ಮೊದಲು. ಮತ್ತೆ ತಮ್ಮಂದಿರೇ, ಅಣ್ಣನನ್ನು ನೋಡಲು ಹೋಗುವಾಗ ಬೀಡಿ, ಎಲೆಅಡಿಕೆ-ಹೊಗೆಸೊಪ್ಪು ಕೊಂಡೊಯ್ಯಬೇಡಿ. ಬೀಡಿ ಸಿಗರೇಟು ಸೇದಿದರೆ ಮೂಳೆ ಕೂಡುವುದು ನಿಧಾನ ಆಗುತ್ತದೆ. ದೇವರ ಹತ್ತಿರ ಮೂಳೆ ಕೂಡಿಸು ಎಂದು ಕೇಳಿ ಕೈಗೆ ಬೀಡಿ ಕೊಡುವುದು ಯಾವ ಪ್ರಾರ್ಥನೆ?

ಉಪವಾಸದ ವಿಷಯ. ಅಮ್ಮಾ, 21 ದಿನ ಮಾಡೋಣ. ನಾನೂ ಸೇರುತ್ತೇನೆ. ಆದರೆ ಆಪರೇಷನ್ ಆದ ಮೇಲಿನ 21 ದಿನ ಮಾಡೋಣ, ಮೂಳೆ ಕೂಡಲು ಶುರುವಾಗುವ ದಿನಗಳು ಅವು. ನಿಮಗೆ ಶುಗರ್ ಇದೆ, ನೀವು ಊಟ ಬಿಡಬೇಡಿ, ನಿಮ್ಮ ಪಾಲಿನದು ನಾವು ಯುವಕರು ಹಂಚಿಕೊಳ್ಳುತ್ತೇವೆ. ನಾಳೆ ರಕ್ತ ಬೇಕಾಗಬಹುದು, ಕೊಡುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ. ರಾತ್ರಿ ಜೊತೆಗಿರಲು ಇಬ್ಬರು ಬೇಕು. ತೋಟದಲ್ಲಿ ಉಳಿದ ಮರಗಳಿಗೆ ಔಷಧಿ ಹೊಡೆಯಬೇಕು, ದೋಟಿಯಿಂದ ಹೊಡೆಯಲು ಬರುವವರು ಯಾರು? ಕೈ ಎತ್ತಿ. ಸ್ತೋತ್ರ. ಇನ್ನೂ ಒಬ್ಬರು. ಸ್ತೋತ್ರ.

ಅಮ್ಮ ಎದ್ದು ನಿಂತಿದ್ದಾರೆ. ಅಕ್ಕಂದಿರು ಹತ್ತಿರ ಬನ್ನಿ, ಅವರ ಕೈ ಹಿಡಿದುಕೊಳ್ಳಿ. ಎಲ್ಲರೂ ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ಬಗ್ಗಿದವಳನ್ನು ಕರೆದು ಕೈ ಇಟ್ಟ ಕರ್ತನೇ, ನಾಳೆ ಬೆಳಿಗ್ಗೆ ಆ ಕೋಣೆಯಲ್ಲಿ ನೀನು ಇರು. ಡಾಕ್ಟರ ಕಣ್ಣು ಕೈ ಸ್ಥಿರವಾಗಿರಲಿ, ಪ್ರತಿಯೊಂದು ಸ್ಕ್ರೂ ತನ್ನ ದಾರಿ ತಪ್ಪದಿರಲಿ. ಅರಿವಳಿಕೆ ಕೊಡುವವರನ್ನು, ನರ್ಸುಗಳನ್ನು, ಕೋಣೆ ತೊಳೆಯುವವರನ್ನು ನೆನಪು ಮಾಡಿಕೋ. ಅವರು ಬಿಗಿದದ್ದನ್ನು ನೀನು ಕೂಡಿಸು. ಆ ಎಡಗಾಲನ್ನು ನಿನ್ನ ಕೈಗೆ ಕೊಡುತ್ತೇವೆ. ಈ ತಾಯಿಗೆ ಇವತ್ತು ರಾತ್ರಿ ನಿದ್ರೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.